ಮೂವತ್ತೊಂದನೇ ಫಾರಂ

ಪ್ರಕಾಶನದ ಮ್ಯಾನೇಜರ್ ಕಿಸೆಯಿಂದ ಪೆನ್ನು ತೆಗೆದು, ರದ್ದಿ ಹಾಳೆಯೊಂದರ ಹಿಂಬದಿಗೆ ಒಂದು ಸಾಲು ಗೀಚಿ, ಅದನ್ನು ದೊಡ್ಡಕ್ಕನ ಮುಖದ ಮುಂದೆ ಹಿಡಿದ. ‘ನಿನ್ನ ಎಡ ಹೆಗಲ ಮೇಲೆ ಜೇಡ ಕೂತಿದೆ’ ಎಂದು ಅದರಲ್ಲಿತ್ತು. ಬರೆದವನ ಕಣ್ಣು ಹಾಳೆಯ ಮೇಲಿರಲಿಲ್ಲ, ಅವಳ ಕಣ್ಣಿನ ಮೇಲಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ಕೇಳಿಕೊಂಡು ಬೆಳೆದವಳು ದೊಡ್ಡಕ್ಕ. ಇಲ್ಲಿ ಕಳುವಾಗುವ ಮೊದಲೇ ಹೆಗಲು ಮುಟ್ಟಿಸಿ ನೋಡುವ ಹುನ್ನಾರ ನಡೆದಿತ್ತು. ಜೇಡ ಇಲ್ಲವೆಂದು ಅವಳಿಗೆ ಗೊತ್ತಿದ್ದರೂ ಅವಳ ಚರ್ಮಕ್ಕೆ ಗೊತ್ತಿರಲಿಲ್ಲ. ಎಡ ಹೆಗಲಲ್ಲಿ ಸಣ್ಣಗೆ ಏನೋ ಹರಿದಾಡಿತು. ಕೈ ಎತ್ತಲಿಲ್ಲ. ಮಡಿಸಲು ಬಂದ ಹಾಳೆಯನ್ನು ಅಳೆಯುವ ಹಾಗೆ ಅದರ ನಾಲ್ಕೂ ಅಂಚು ನೋಡಿ, “ಕಾಗದ ಒರಟು. ಮಡಿಸಿದ್ರೆ ಒಡೆಯುತ್ತೆ,” ಅಂದಳು.

ಯಜಮಾನರು ಹೊಟ್ಟೆ ಕುಲುಕಿಸಿ ನಕ್ಕರು. “ನಾನು ಹೇಳ್ಲಿಲ್ವಾ? ಇಪ್ಪತ್ಮೂರು ವರ್ಷದಿಂದ ನೋಡ್ತಿದೀನಿ. ಇವಳ ಪಾಲಿಗೆ ಅಕ್ಷರ ಅಂದ್ರೆ ಇರುವೆ ಸಾಲು. ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತೆ, ಒಂದೂ ತಿಳಿಯಲ್ಲ.”

ಯಜಮಾನರ ಮಾತು ಸುಳ್ಳೇನಲ್ಲ, ಮೂರು ವರ್ಷ ಹಳೆಯದು, ಅಷ್ಟೇ. ಆ ಬೈಂಡಿಂಗ್ ಶೆಡ್ಡಿನಲ್ಲಿ ಮೊದಲಿನಿಂದಲೂ ಒಂದು ಪದ್ಧತಿ ಇತ್ತು. ಪರೀಕ್ಷೆಯ ಪ್ರಶ್ನೆಪತ್ರಿಕೆಯಂಥ ಗುಟ್ಟಿನ ಕೆಲಸ ಬಂದರೆ ಅದನ್ನು ಓದು ಬಾರದ ಹೆಂಗಸರ ಕೈಯಲ್ಲೇ ಮಾಡಿಸುತ್ತಿದ್ದರು. ದೊಡ್ಡಕ್ಕ ಕೆಲಸ ಕೇಳಿಕೊಂಡು ಬಂದ ದಿನ ಯಜಮಾನರು ಅವಳ ಕೈಗೆ ಒಂದು ಹಾಳೆ ಕೊಟ್ಟಿದ್ದರು. ಅವಳು ಅದನ್ನು ತಲೆಕೆಳಗಾಗಿ ಹಿಡಿದುಕೊಂಡಳು. ಅವರು ಸಂತೋಷದಿಂದ ರಿಜಿಸ್ಟರಿನಲ್ಲಿ ಅವಳ ಹೆಸರಿನ ಎದುರು ‘ನಿರಕ್ಷರಿ’ ಎಂದು ಬರೆದರು. ಬೇರೆ ಕಡೆ ಅದು ಕುಂದಾಗಿದ್ದೀತು, ಇಲ್ಲಿ ಅದೇ ಪದವಿ. ಪುಸ್ತಕದ ಬೆನ್ನಿಗೆ ಅಂಟು ಬಳಿಯುವ ಯಂತ್ರ ಬಂದ ವರ್ಷ ಹೊಲಿಗೆಯ ಹೆಂಗಸರನ್ನೆಲ್ಲ ಮನೆಗೆ ಕಳಿಸಿದಾಗ ಅವಳೊಬ್ಬಳು ಉಳಿದದ್ದು ಆ ಒಂದು ಪದದಿಂದ. ಮಡಿಸುವ ಮೇಜಿನಲ್ಲಿ ಅಕ್ಷರ ಬಾರದ ಬೇರೆ ಮೂವರಿದ್ದರು, ಅವರಲ್ಲಿ ಇಬ್ಬರು ವಯಸ್ಸಾಗಿ ಬಿಟ್ಟರು, ಒಬ್ಬಳು ತೀರಿಕೊಂಡಳು. ಹೊಸದಾಗಿ ಬರುವ ಹುಡುಗಿಯರೆಲ್ಲ ಎಂಟೊಂಬತ್ತನೆಯ ತರಗತಿ ಮುಟ್ಟಿ ಬಂದವರು. ಓದು ಬಾರದವರು ಸಿಗುವುದೇ ಕಷ್ಟವಾಗಿಬಿಟ್ಟಿದೆ, ದೇಶ ಕೆಟ್ಟುಹೋಯಿತು ಎಂದು ಯಜಮಾನರು ತಮಾಷೆ ಮಾಡುತ್ತಿದ್ದರು. ತಮಾಷೆಯಲ್ಲಿ ಅರ್ಧ ನಿಜವೂ ಇತ್ತು.

ಈ ಸಲದ ಗುಟ್ಟು ಪ್ರಶ್ನೆಪತ್ರಿಕೆಯದಲ್ಲ. ‘ಕಡಲ ಸುಂಕ’ ಕಾದಂಬರಿಯ ಏಳನೆಯ ಸಂಪುಟ, ಅದರ ಕೊನೆಯ ಫಾರಂ. ಹದಿನಾರು ಪುಟ ಅಚ್ಚಾದ ಒಂದು ದೊಡ್ಡ ಹಾಳೆಗೆ ಒಂದು ಫಾರಂನಂತೆ ಇಡೀ ಪುಸ್ತಕಕ್ಕೆ ಮೂವತ್ತೊಂದು. ಮೂವತ್ತು ಫಾರಂಗಳು ಎಂದಿನಂತೆ ಲಾರಿಯಲ್ಲಿ ಬಂದು ಎಲ್ಲರ ಮೇಜಿಗೂ ಹಂಚಿಹೋಗಿದ್ದವು. ಕೊನೆಯದೊಂದು ಮಾತ್ರ ಮೊಹರು ಹಾಕಿದ ಕಟ್ಟುಗಳಲ್ಲಿ ಮ್ಯಾನೇಜರನ ಸ್ವಂತ ಕಾರಿನಲ್ಲಿ ಬಂದಿತ್ತು. ಅದನ್ನು ಹಿಂದಿನ ಉಗ್ರಾಣದಲ್ಲಿ ಬೀಗ ಹಾಕಿಕೊಂಡು ದೊಡ್ಡಕ್ಕ ಒಬ್ಬಳೇ ಮಡಿಸಬೇಕು, ಹಾಳಾದ ಹಾಳೆಯನ್ನೂ ಎಣಿಸಿ ಒಪ್ಪಿಸಬೇಕು ಎಂದು ಮ್ಯಾನೇಜರ್ ಎರಡೆರಡು ಸಲ ಹೇಳಿದ. ಎರಡು ವರ್ಷದಿಂದ ಓದುಗರು ಬಾಯಿ ಬಿಟ್ಟುಕೊಂಡು ಕೂತಿದ್ದಾರೆ, ಕೊನೆ ಏನೆಂದು ಮೊದಲೇ ಗೊತ್ತಾದರೆ ಅರ್ಧ ಜನ ಕೊಳ್ಳುವುದಿಲ್ಲ ಎಂದ. ದೊಡ್ಡಕ್ಕ ಬೀಗದ ಕೈ ಇಸಿದುಕೊಂಡಳು. ಅವಳ ಹೆಗಲು ಇನ್ನೂ ನವೆಯುತ್ತಿತ್ತು.

ಆ ಊರಿನಿಂದ ಸಮುದ್ರಕ್ಕೆ ರೈಲಿನಲ್ಲಿ ಎರಡು ದಿನ. ಶೆಡ್ಡಿನ ಹೆಂಗಸರಲ್ಲಿ ಒಬ್ಬಳೂ ಅದನ್ನು ಕಂಡವಳಲ್ಲ. ಆದರೂ ಹಾಯಿ ಯಾವಾಗ ಇಳಿಸಬೇಕು, ಲಂಗರು ಎಲ್ಲಿ ಹಿಡಿಯುವುದಿಲ್ಲ, ಚುಕ್ಕಾಣಿ ಮುರಿದರೆ ಹುಟ್ಟಿನಿಂದ ಹಡಗು ತಿರುಗಿಸುವುದು ಹೇಗೆ ಎಂದು ಅವರು ಊಟದ ಡಬ್ಬಿ ಮುಂದಿಟ್ಟುಕೊಂಡು ಜಗಳವಾಡುತ್ತಿದ್ದರು. ಅದೆಲ್ಲ ಗಿಣಿಯ ಕೃಪೆ. ಗಿಣಿ ದೊಡ್ಡಕ್ಕನ ಪಕ್ಕದ ಮೇಜಿನವಳು. ಇಪ್ಪತ್ತಾರರ ಪ್ರಾಯ, ಬಾಯಿಗೆ ಬೀಗವಿಲ್ಲ, ಓದತೊಡಗಿದರೆ ಮಾತ್ರ ಕೇಳುವವರು ನುಂಗುವುದನ್ನು ಮರೆಯಬೇಕು, ಹಾಗೆ ಓದುವವಳು. ಒಂದನೆಯ ಸಂಪುಟ ಬಂದಾಗಿನಿಂದ ಊಟದ ಹೊತ್ತಿನಲ್ಲಿ ತನ್ನ ಪಾಲಿನ ಫಾರಂ ತೆರೆದು ಗಟ್ಟಿಯಾಗಿ ಓದುವುದು ಅವಳ ರೂಢಿ. ಒಬ್ಬೊಬ್ಬರ ಮೇಜಿಗೆ ನಾಲ್ಕು ನಾಲ್ಕು ಫಾರಂ ಮಾತ್ರ ಬರುತ್ತಿದ್ದುದರಿಂದ ಕಥೆಯೂ ಹಾಗೆಯೇ ಹಂಚಿಹೋಗಿರುತ್ತಿತ್ತು. ಒಬ್ಬಳ ಮೇಜಿನಲ್ಲಿ ಬಿರುಗಾಳಿ ಏಳುತ್ತದೆ, ಮೂರನೆಯವಳ ಮೇಜಿನಲ್ಲಿ ಹಡಗು ಸೋರುತ್ತದೆ, ನಡುವೆ ಏನಾಯಿತೆಂದು ಕೇಳಬೇಕಾದರೆ ರಜೆ ಹಾಕಿದವಳು ಬರುವ ತನಕ ಕಾಯಬೇಕು. ಕುರುಡರು ಆನೆ ಮುಟ್ಟಿದ ಹಾಗೆ ಅವರು ಕಡಲು ಮುಟ್ಟುತ್ತಿದ್ದರು.

ಕಥೆ ಇಷ್ಟು. ಒಬ್ಬ ಕಪ್ತಾನಿ. ಅವಳ ಎಳೆಯ ಮಗಳು ನಿಂತಿದ್ದ ದ್ವೀಪ ಒಂದು ಬೆಳಿಗ್ಗೆ ಬೇರು ಕಿತ್ತುಕೊಂಡು ತೇಲಿಹೋಗಿದೆ. ಅದನ್ನು ಹುಡುಕಿಕೊಂಡು ತಾಯಿ ಹಡಗು ಬಿಟ್ಟಿದ್ದಾಳೆ. ದಾರಿಯಲ್ಲಿ ಏಳು ಕಡಲು. ಒಂದೊಂದು ಕಡಲೂ ಸುಂಕ ಕೇಳುತ್ತದೆ. ಚಿನ್ನ ಕೊಟ್ಟರೆ ಅದಕ್ಕೆ ಬೇಡ, ಮಾತು ಬೇಕು. ಕಪ್ತಾನಿ ಯಾವ ಪದ ಕೊಟ್ಟಳೋ ಆ ಪದ ಮುಂದೆ ಅವಳ ಬಾಯಲ್ಲೂ ಬರುವುದಿಲ್ಲ, ಹಡಗಿನವರ ಬಾಯಲ್ಲೂ ಬರುವುದಿಲ್ಲ. ಮೊದಲ ಕಡಲಿಗೆ ಅವಳು ‘ಉಪ್ಪು’ ಕೊಟ್ಟಳು. ಆ ಸಂಪುಟ ಬಂದ ತಿಂಗಳು ಶೆಡ್ಡಿನಲ್ಲಿ ಯಾರೂ ಉಪ್ಪು ಅನ್ನಲಿಲ್ಲ. ರಟ್ಟಿಗೆ ಅಂಟು ಬಳಿಯುವ ಅಜ್ಜಿಯಂತೂ, “ಆ ಬಿಳೀದು ಕೊಡೇ, ಅದಿಲ್ದೆ ನನ್ನ ಸೊಸೆ ಅಡುಗೆ ಮಾಡ್ತಾಳಲ್ಲ, ಅದು,” ಎಂದು ಎಲ್ಲರನ್ನೂ ನಗಿಸಿದ್ದಳು.

ಊರಿನಲ್ಲಿಯೂ ಅದೇ ಹುಚ್ಚು. ಆರನೆಯ ಸಂಪುಟ ಮುಗಿಸಿದ ಓದುಗರು ಏಳನೆಯದು ಬರುವ ತನಕ ತಾವೂ ಒಂದೊಂದು ಪದವನ್ನು ಕಡಲಿಗೆ ಕೊಟ್ಟುಬಿಟ್ಟಿದ್ದರು. ಬಸ್ಸಿನ ಕಂಡಕ್ಟರನೊಬ್ಬ ‘ಮುಂದೆ’ ಎನ್ನುವುದನ್ನು ಬಿಟ್ಟು ಬರೀ ಶಿಳ್ಳೆ ಹೊಡೆಯುತ್ತಿದ್ದ. ದೊಡ್ಡಕ್ಕನ ಅತ್ತೆಯ ಸೊಂಟಕ್ಕೆ ಮದ್ದು ಹಚ್ಚಲು ಮನೆಗೆ ಬರುವ ನರ್ಸ್ ‘ನಾಳೆ’ಯನ್ನು ಕೊಟ್ಟು, “ಇವತ್ತು ಮಲಗಿ ಎದ್ದ ಮೇಲೆ ಬರ್ತೀನಿ ಅಜ್ಜಿ,” ಎಂದು ಹೋಗುತ್ತಿದ್ದಳು. ಗಿಣಿ ಕೊಟ್ಟದ್ದು ‘ರಜೆ’. ಹೇಗಿದ್ದರೂ ಕೇಳಿದರೆ ಸಿಗುವುದಿಲ್ಲ, ಕೊಟ್ಟು ಪುಣ್ಯ ಕಟ್ಟಿಕೊಳ್ಳೋಣ ಎಂದಿದ್ದಳು.

ದೊಡ್ಡಕ್ಕನಿಗೆ ಓದು ಬಂದದ್ದೂ ಈ ಕಡಲಿನಿಂದಲೇ. ಮನೆಯಲ್ಲಿ ಕಿಟಕಿಯ ಪಕ್ಕ ಮಲಗಿದಲ್ಲೇ ಇರುವ ಅತ್ತೆಗೆ ದಿನದಿನದ ಕಥೆ ಒಪ್ಪಿಸಬೇಕಿದ್ದರಿಂದ ಗಿಣಿ ಓದಿದ್ದನ್ನು ಅವಳು ಮಾತು ಬಿಡದೆ ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಮಧ್ಯಾಹ್ನ ಅದೇ ಹಾಳೆ ಸಾವಿರ ಸಲ ಅವಳ ಕೈಕೆಳಗೆ ಹಾಯುತ್ತಿತ್ತು. ಪ್ರತಿ ಅಧ್ಯಾಯದ ಕೊನೆಗೆ ಒಂದೇ ಸಾಲು: ‘ಕಡಲು ಕೇಳಿತು, ಕಪ್ತಾನಿ ಕೊಟ್ಟಳು.’ ನಾಲ್ಕನೆಯ ಸಂಪುಟದ ಹೊತ್ತಿಗೆ ಒಂದು ದಿನ ಅವಳ ಕೈ ತಾನಾಗಿಯೇ ನಿಂತಿತು. ನಾಲ್ಕು ಮಾತು, ನಾಲ್ಕರ ಮೊದಲಿಗೂ ಅದೇ ದುಂಡು ಮೂರ್ತಿ. ಒಂದರಲ್ಲಿ ತಲೆ ಬೇರೆ, ಒಂದರಲ್ಲಿ ಬಾಲ ಬೇರೆ, ಮೈ ಮಾತ್ರ ಅದೇ. ಗುಂಪಿನಲ್ಲಿ ನೆಂಟರ ಮುಖ ಕಂಡ ಹಾಗೆ ಅವಳಿಗೆ ಅಳು ಬಂದಿತ್ತು. ಆಮೇಲೆ ಹಾಳಾದ ಹಾಳೆಗಳನ್ನು ಡಬ್ಬಿಯ ತಳಕ್ಕೆ ಹಾಸಿಕೊಂಡು ಮನೆಗೆ ತಂದಳು. ಒಂದು ವರ್ಷಕ್ಕೆ ಸಾಲು, ಎರಡು ವರ್ಷಕ್ಕೆ ಪುಟ. ಗಿಣಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತನಕ ಬಂದದ್ದನ್ನು ನುಂಗಿಕೊಂಡಿದ್ದಳು. ಗಿಣಿಗೆ ಹೇಳಿದರೆ ಶೆಡ್ಡಿಗೆ ಡಂಗುರ ಹೊಡೆದ ಹಾಗೆ. ನಿರಕ್ಷರಿ ಅಲ್ಲದ ದೊಡ್ಡಕ್ಕನಿಗೆ ಐವತ್ತೊಂದರ ವಯಸ್ಸಿನಲ್ಲಿ ಯಾವ ಮೇಜೂ ಇರಲಿಲ್ಲ. ಮಲಗಿದ ಅತ್ತೆಯ ಔಷಧಿಗೆ ಬೇರೆ ದಿಕ್ಕೂ ಇರಲಿಲ್ಲ.

ಉಗ್ರಾಣದೊಳಗೆ ಹೋಗಿ ಬಾಗಿಲು ಹಾಕಿಕೊಂಡಾಗ ಓದಬಾರದೆಂದೇ ಅವಳು ನಿಶ್ಚಯಿಸಿದ್ದಳು. ಮೊದಲ ನೂರು ಹಾಳೆಗಳನ್ನು ಓದದೆಯೇ ಮಡಿಸಿದಳು ಕೂಡ. ಅದೇನೂ ಕಷ್ಟವಿರಲಿಲ್ಲ. ಹರಡಿದ ಹಾಳೆಯ ಮೇಲೆ ಪುಟಗಳು ಊರು ಬಿಟ್ಟವರ ಹಾಗೆ ಚೆಲ್ಲಾಪಿಲ್ಲಿಯಾಗಿರುತ್ತವೆ, ಅರ್ಧ ತಲೆಕೆಳಗೆ, ಅರ್ಧ ನೆಟ್ಟಗೆ. ಮೂರನೆಯ ಮಡಿಕೆ ಬಿದ್ದಾಗಲೇ ಅವು ಒಂದರ ಹಿಂದೊಂದು ಸಾಲಾಗಿ ನಿಲ್ಲುವುದು. ಆಗಲೂ ಅಂಚು ಕತ್ತರಿಸಿರುವುದಿಲ್ಲವಾದ್ದರಿಂದ ಒಳಪುಟ ಕಾಣಬೇಕಾದರೆ ಬೆರಳು ತೂರಿಸಿ ಸಂದು ಮಾಡಿ ಇಣುಕಬೇಕು. ನೂರೊಂದನೆಯದಕ್ಕೆ ಅವಳು ಬೆರಳು ತೂರಿಸಿದಳು.

ಸಂಜೆಯವರೆಗೆ ಹದಿನಾರು ಪುಟ ಓದಿದಳು. ಪ್ರತಿ ಫಾರಂನಲ್ಲಿ ಎರಡೆರಡು ಸಾಲು, ಇಣುಕಿ, ಮಡಿಸಿ, ಮಡಿಕೆ ಕೂರುವಂತೆ ಮೂಳೆಪಟ್ಟಿಯಿಂದ ಉಜ್ಜಿ, ಮುಂದಿನದು. ಕಪ್ತಾನಿಗೆ ದ್ವೀಪ ಸಿಕ್ಕಿತು. ಕಟ್ಟೆಯ ಮೇಲೆ ಮಗಳು ಆಚೆ ಮುಖ ಮಾಡಿ ನಿಂತಿದ್ದಳು, ಈಗ ತಾಯಿಯಷ್ಟೇ ಎತ್ತರ. ಹೆಸರಿಟ್ಟವರು ಹೆಸರು ಹಿಡಿದು ಕರೆದರೆ ಮಾತ್ರ ತಿರುಗಬಹುದು ಎಂದು ದ್ವೀಪದ ಕಟ್ಟಳೆ. ಆದರೆ ಏಳನೆಯ ಕಡಲು ದಾಟಲು ಕಪ್ತಾನಿಯ ಹತ್ತಿರ ಉಳಿದಿದ್ದ ದೊಡ್ಡ ಮಾತು ಆ ಹೆಸರೊಂದೇ, ಅದನ್ನು ಹಿಂದಿನ ರಾತ್ರಿಯೇ ಕೊಟ್ಟಾಗಿತ್ತು. ‘ಮಗಳು’ ಎನ್ನುವುದನ್ನು ಮೂರನೆಯ ಕಡಲಿಗೇ ಕೊಟ್ಟಿದ್ದಳು. ಅವಳು ಬಾಯಿ ತೆರೆದು ನಿಂತಳು. ನೀರು ಇಳಿಯತೊಡಗಿತು. ಹಡಗು ಹಿಂದಕ್ಕೆ ಹೊರಳಿತು. ಮಗಳು ತಿರುಗಲಿಲ್ಲ, ಯಾರೂ ಬರಲಿಲ್ಲವೆಂದುಕೊಂಡಳು.

ಅದನ್ನು ಒಬ್ಬಳೇ ಹೊತ್ತುಕೊಂಡು ಮನೆಗೆ ಬರುವುದು ದೊಡ್ಡಕ್ಕನಿಂದ ಆಗಲಿಲ್ಲ. ಅಲ್ಲ, ಹೊತ್ತುಕೊಂಡೇ ಬಂದಳು; ಬಂದು ಚಪ್ಪಲಿ ಬಿಡುವ ಮೊದಲೇ ಅತ್ತೆಯ ಹಾಸಿಗೆಯ ಕಾಲ ಬುಡಕ್ಕೆ ಕೂತು ಎಲ್ಲವನ್ನೂ ಇಳಿಸಿದಳು.

“ಆ ಹುಡುಗಿ ಒಂದ್ಸಲ ತಿರುಗಿ ನೋಡಿಬಿಟ್ಟಿದ್ರೆ ಏನು ಹೋಗ್ತಿತ್ತೇ?” ಎಂದರು ಅತ್ತೆ. ಆಮೇಲೆ, “ಗಿಣಿ ಓದಿದ್ಲಾ ಇದನ್ನ?”

“ಇಲ್ಲ ಅತ್ತೆ. ನಾನೇ ಓದಿದೆ.”

ಮೂರು ವರ್ಷದಲ್ಲಿ ಆ ಮಾತನ್ನು ಅವಳು ಯಾರಿಗಾದರೂ ಹೇಳಿದ್ದು ಅದೇ ಮೊದಲು. ಅತ್ತೆ ಕೈ ಚಾಚಿ ಸೊಸೆಯ ಕಣ್ಣಿನ ರೆಪ್ಪೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಓದು ಬಂದ ಮೇಲೆ ಅವು ಬೇರೆ ಆಗಿದ್ದಾವೇನೋ ಎಂಬಂತೆ. ದೊಡ್ಡಕ್ಕ ಅವರ ಕೈ ಹಿಡಿದುಕೊಂಡು, ತನಗೆ ಓದು ಬರುತ್ತದೆಂದು ಯಾರಿಗೂ ಬಾಯಿ ಬಿಡಬಾರದು, ಬಿಟ್ಟರೆ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದು ಆಣೆ ಹಾಕಿಸಿಕೊಂಡಳು. ಅತ್ತೆ ಆಣೆ ಹಾಕಿದರು. ಅದನ್ನು ಕೊನೆಯವರೆಗೂ ಉಳಿಸಿಕೊಂಡರು.

ತಪ್ಪು ನಡೆದದ್ದು ಅಲ್ಲೇ. ಬಚ್ಚಿಡಬೇಕಾದ್ದು ತನ್ನ ಓದು ಎಂದೇ ದೊಡ್ಡಕ್ಕನಿಗೆ ಮೂರು ವರ್ಷ ಯೋಚಿಸಿ ರೂಢಿಯಾಗಿತ್ತು. ಕಥೆಯನ್ನು ಬಚ್ಚಿಡಬೇಕೆಂದು ಅವಳ ತಲೆಗೆ ಹೊಳೆಯಲೇ ಇಲ್ಲ. ಕಥೆಯನ್ನು ಅವಳು ಅತ್ತೆಗೆ ದಿನಾ ಹೇಳುತ್ತಿದ್ದಳಲ್ಲ. ಮರುದಿನ ನರ್ಸ್ ಬಂದಳು. ಹತ್ತು ವರ್ಷದಿಂದ ಬೇರೆಯವರ ಸುದ್ದಿಯನ್ನೇ ಕೇಳುತ್ತ ಮಲಗಿದ್ದ ಮುದುಕಿಗೆ ಮೊದಲ ಸಲ ಊರಿಗೆ ಗೊತ್ತಿಲ್ಲದ್ದು ಗೊತ್ತಿತ್ತು. ಮದ್ದು ಉಜ್ಜುವ ಹುಡುಗಿಯ ಕೈ ನಿಲ್ಲಿಸಿ ಹೇಳಿಬಿಟ್ಟರು. ಕೇಳಿ ನರ್ಸ್ ಅತ್ತಳಂತೆ. ಅತ್ತವಳು ಸಂಜೆ ತನ್ನ ಫೋನಿನ ಓದುಗರ ಬಳಗದಲ್ಲಿ ಬರೆದಳು. ಮೂರನೆಯ ದಿನ ದೊಡ್ಡಕ್ಕನ ಮನೆಯ ಹತ್ತಿರ ಬಸ್ಸು ನಿಲ್ಲುವಲ್ಲಿನ ಗೋಡೆಯ ಮೇಲೆ ಯಾರೋ ಇದ್ದಿಲಲ್ಲಿ, ‘ಅವಳು ತಿರುಗುವುದಿಲ್ಲ’ ಎಂದು ಗೀಚಿದ್ದರು. ಶೆಡ್ಡಿಗೆ ಹೋಗುವಾಗ ದೊಡ್ಡಕ್ಕ ಅದನ್ನು ಓದಿದಳು. ಕಾಲ ಕೆಳಗಿನ ನೆಲ ಹಡಗಿನ ಹಲಗೆಯ ಹಾಗೆ ಓಲಾಡಿತು.

ಮ್ಯಾನೇಜರ್ ಹತ್ತು ಗಂಟೆಗೇ ಬಂದಿದ್ದ. ಅಚ್ಚು ಹಾಕಿದವರು, ಕರಡು ತಿದ್ದಿದವರು, ಪ್ರಕಾಶನದ ಕಚೇರಿಯವರು, ಹೀಗೆ ಆ ಹದಿನಾರು ಪುಟ ಕಂಡವರು ಇಪ್ಪತ್ತು ಮೂವತ್ತು ಜನ ಇದ್ದಾರು. ಅವರಾರೂ ಅವನ ಬಾಯಿಗೆ ಬರಲಿಲ್ಲ. ಸಂಜೆಯೊಳಗೆ ಬೈಂಡಿಂಗ್ ಶೆಡ್ಡಿನಿಂದ ಒಂದು ಹೆಸರು ಬೇಕು, ಕೊಡದಿದ್ದರೆ ಇನ್ನು ಮೇಲೆ ಅವರ ಪುಸ್ತಕ ಒಂದೂ ಈ ಶೆಡ್ಡಿಗೆ ಬರುವುದಿಲ್ಲ ಎಂದು ಗಾಜಿನ ಕೋಣೆಯಲ್ಲಿ ಕೂತು ಹೇಳಿದ. ಗಾಜು ತೆಳು, ಎಲ್ಲರಿಗೂ ಕೇಳಿತು. ಯಜಮಾನರು ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. ಅಂಟಿನ ಅಜ್ಜಿ ಎರಡೇ ನಿಮಿಷದಲ್ಲಿ ಹೊರಬಂದು, ಗಿಣಿಯ ಬಗ್ಗೆಯೇ ಕೇಳುತ್ತಿದ್ದಾರೆ ಎಂದಳು. ಐದನೆಯ ಸಂಪುಟದ ಹೊತ್ತಿನಲ್ಲಿ ಗಿಣಿಯ ಚೀಲದಲ್ಲಿ ಒಂದು ಫಾರಂ ಸಿಕ್ಕಿತ್ತಲ್ಲ, ಅದು ಅವರಿಗೆ ನೆನಪಾಗಿದೆಯಂತೆ.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ,” ಎಂದು ಅಜ್ಜಿ ಅಂಟಿನ ಬ್ರಷ್ಷನ್ನು ಡಬ್ಬಿಗೆ ಬಡಿದಳು. “ಯಾವ ಎತ್ತೋ, ಎಲ್ಲಿ ಮೇಯ್ತಿದೆಯೋ.”

ದೊಡ್ಡಕ್ಕ ಹಾಳೆ ಮಡಿಸಿದಳು. ಇನ್ನೊಂದು ಮಡಿಸಿದಳು.

ಗಿಣಿ ಒಳಗಿನಿಂದ ನಗುತ್ತಲೇ ಬಂದಳು. ಅವಳಿಗೆ ಅದು ಇನ್ನೂ ತಮಾಷೆ. “ಅಕ್ಕಾ, ಕೇಳಿದ್ಯಾ? ನಾನು ಕೊನೆ ಹೇಳಿಬಿಟ್ನಂತೆ. ನನಗೇ ಗೊತ್ತಿಲ್ಲ ಕಣೇ ಕೊನೆ. ನನ್ನ ಮೇಜಿಗೆ ಬಂದಿರೋದು ಇಪ್ಪತ್ತನೇ ಫಾರಂ ತನಕ. ಕಪ್ತಾನಿ ಇನ್ನೂ ಮಂಜಿನಲ್ಲೇ ಇದ್ದಾಳೆ.” ದೊಡ್ಡಕ್ಕನ ಮುಖ ನೋಡಿ ಅವಳು ನಗು ನಿಲ್ಲಿಸಿದಳು. “ನೀನ್ಯಾಕೆ ಹೀಗಾದೆ? ನಿನ್ನ ಮೇಲೆ ಬರಲ್ಲ ಬಿಡು. ನಿನಗೆ ಅಕ್ಷರ ಬರಲ್ಲ ಅಂತ ಕಲ್ಲಿಗೂ ಗೊತ್ತು.”

ಆಗ ಹೇಳಬಹುದಿತ್ತು. ದೊಡ್ಡಕ್ಕ ಒಳಗೇ ಲೆಕ್ಕ ಹಾಕಿದಳು: ಹೇಳಿದರೆ ಗಿಣಿ ಉಳಿಯುತ್ತಾಳೆ, ತಾನು ಹೋಗುತ್ತೇನೆ. ಬರೀ ಹೋಗುವುದಲ್ಲ, ಮೂರು ವರ್ಷದ ಪ್ರಶ್ನೆಪತ್ರಿಕೆಗಳೂ ಎದ್ದು ಬರುತ್ತವೆ. ಓದು ಬರುತ್ತಿದ್ದವಳು ಅವನ್ನು ಓದಲಿಲ್ಲವೆಂದು ಯಾರು ನಂಬುತ್ತಾರೆ? ಗಿಣಿಗಾದರೆ ಪ್ರಾಯವಿದೆ, ಓದಿದೆ, ಇನ್ನೊಂದು ಶೆಡ್ಡಿದೆ. ಹೀಗೆ ಒಂದರ ಮೇಲೊಂದು ಕಾರಣಗಳನ್ನು ಅಂಚಿಗೆ ಅಂಚು ಕೂಡಿಸಿ ಜೋಡಿಸುತ್ತಿದ್ದಾಗ ಯಜಮಾನರು ಕರೆದರು.

ಗಾಜಿನ ಕೋಣೆಯ ಮೇಜಿನ ಮೇಲೆ ಒಂದು ಕಾಗದ, ಪಕ್ಕದಲ್ಲಿ ಮಸಿಯ ಪ್ಯಾಡು. ಮ್ಯಾನೇಜರ್ ಈ ಸಲ ಅವಳ ಕಣ್ಣು ನೋಡಲಿಲ್ಲ, ಫೋನು ನೋಡುತ್ತಿದ್ದ. ಯಜಮಾನರು ಕನ್ನಡಕ ಸರಿ ಮಾಡಿಕೊಂಡು, ಹೆದರಬೇಡ, ಒಂದು ಹೇಳಿಕೆ ಅಷ್ಟೇ, ಓದಿ ಹೇಳುತ್ತೇನೆ ಎಂದು ಓದಿದರು. ತಾನು ನಿರಕ್ಷರಿ. ಉಗ್ರಾಣದ ಬೀಗದ ಕೈ ತನ್ನ ಹತ್ತಿರವೇ ಇತ್ತು. ಕೆಲಸದ ಎರಡು ದಿನವೂ ಬೇರೆ ಯಾರೂ ಒಳಗೆ ಬಂದಿಲ್ಲ. ಹಾಳೆಗಳ ಲೆಕ್ಕ ಸರಿಯಾಗಿ ಒಪ್ಪಿಸಿದ್ದೇನೆ. ಇದು ಸತ್ಯ.

ಓದಿ ಕಾಗದವನ್ನು ಅವಳ ಕಡೆ ತಿರುಗಿಸಿ, ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ಪೆನ್ನಿನ ತುದಿಯಿಂದ ತೋರಿಸಿದರು. ದೊಡ್ಡಕ್ಕನ ಕಣ್ಣು ಆ ತುದಿಗೆ ಹೋಗುವ ದಾರಿಯಲ್ಲಿ ಮೂರನೆಯ ಸಾಲಿನ ಮೇಲೆ ಬಿತ್ತು. ಕಣ್ಣಿಗೇನು, ಕಲಿತದ್ದನ್ನು ಬಿಡು ಅಂದರೆ ಬಿಡುತ್ತದೆಯೇ. ‘ಊಟದ ಬಿಡುವಿನಲ್ಲಿ ಗಿಣಿ ಎಂದು ಕರೆಯುವ ಕೆಲಸಗಾರ್ತಿ ಎರಡು ಸಲ ಒಳಗೆ ಬಂದು ಹಾಳೆಗಳನ್ನು ಓದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.’ ಅವಳು ಮತ್ತೊಮ್ಮೆ ಓದಿದಳು.

“ಇಷ್ಟೇನಾ ಯಜಮಾನ್ರೇ ಬರೆದಿರೋದು?”

“ಇಷ್ಟೇ.”

“ಗಿಣಿ ವಿಷಯ ಏನಾದ್ರೂ...”

ಯಜಮಾನರು ಕನ್ನಡಕ ತೆಗೆದರು. ಅವಳನ್ನು ಸ್ವಲ್ಪ ಹೊತ್ತು ನೋಡಿದರು. ಇಪ್ಪತ್ಮೂರು ವರ್ಷದಲ್ಲಿ ಅವರು ಹಾಗೆ ನೋಡಿದ್ದಿಲ್ಲ. “ಗಿಣಿ ವಿಷಯ ಇದರಲ್ಲಿ ಯಾಕೆ ಬರುತ್ತೆ?” ಎಂದರು ಮೆಲ್ಲಗೆ. “ನಿನಗೇನಾದ್ರೂ ಕಾಣ್ತಿದೆಯಾ ದೊಡ್ಡಕ್ಕ, ಇದರಲ್ಲಿ?”

ಮ್ಯಾನೇಜರ್ ಫೋನಿನಿಂದ ತಲೆ ಎತ್ತಿದ.

ಹೊರಗೆ ಅಂಚು ಕತ್ತರಿಸುವ ಯಂತ್ರದ ಅಲಗು ಬಿದ್ದು ಎದ್ದಿತು, ಬಿದ್ದು ಎದ್ದಿತು. ದೊಡ್ಡಕ್ಕ ಕಾಗದದ ನಾಲ್ಕೂ ಅಂಚು ನೋಡಿದಳು.

“ನನಗೇನು ಕಾಣುತ್ತೆ ಯಜಮಾನ್ರೇ,” ಅಂದಳು. ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿ, ಅವರು ತೋರಿಸಿದ ಜಾಗದಲ್ಲಿ ಒತ್ತಿದಳು. ಗುರುತು ಸ್ವಲ್ಪ ಓರೆಯಾಗಿ ಮೂಡಿತು. ಯಜಮಾನರು ಅದರ ಮೇಲೆ ಉಫ್ ಎಂದು ಊದಿ ಒಣಗಿಸಿದರು. ಪ್ರಶ್ನೆಪತ್ರಿಕೆಯ ಕೆಲಸ ಬರುವ ತಿಂಗಳು ಇದೆ, ರಜೆ ಗಿಜೆ ಹಾಕಬೇಡ ಎಂದರು.

ಗಿಣಿಯನ್ನು ಮೂರು ಗಂಟೆಗೆ ಕಳಿಸಿದರು. ಅವಳು ಕೂಗಾಡಲಿಲ್ಲ. ತನ್ನ ಮೂಳೆಪಟ್ಟಿಯನ್ನು ಒರೆಸಿ ಚೀಲಕ್ಕೆ ಹಾಕಿಕೊಂಡು, ಅರ್ಧ ಮಡಿಸಿದ್ದ ಹಾಳೆಯನ್ನು ಪೂರ್ತಿ ಮಡಿಸಿ ಗುಡ್ಡೆಯ ಮೇಲಿಟ್ಟು ಹೋದಳು. ದೊಡ್ಡಕ್ಕ ಐದೂವರೆಗೆ ಹೊರಗೆ ಬಂದಾಗ ಅವಳು ಬಸ್ಸು ನಿಲ್ಲುವಲ್ಲಿ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಎರಡೂವರೆ ಗಂಟೆ ಅಲ್ಲೇ ಕೂತಿದ್ದಳು ಎಂದು ಕಾಣುತ್ತದೆ.

“ಯಾರೋ ನೋಡಿದ್ದಾರಂತೆ ಅಕ್ಕಾ, ನಾನು ಓದೋದನ್ನ. ಕಾಗದ ದೂರದಿಂದ ತೋರಿಸಿದ್ರು. ಯಾರು ಅಂತ ಹೇಳಲಿಲ್ಲ.” ಮಾತಾಡುತ್ತ ಅವಳು ದೊಡ್ಡಕ್ಕನಿಗೆ ಜಾಗ ಮಾಡಿಕೊಟ್ಟಳು. ಆಗ ಅವಳ ಕಣ್ಣು ದೊಡ್ಡಕ್ಕನ ಕೈ ಮೇಲೆ ಬಿತ್ತು. ದೊಡ್ಡಕ್ಕ ಬೆರಳು ಮಡಚಿಕೊಳ್ಳುವುದರೊಳಗೆ ಅವಳು ಅದನ್ನು ಹಿಡಿದು ಬಿಡಿಸಿದಳು. ಹೆಬ್ಬೆರಳು ನೀಲಿಯಾಗಿತ್ತು.

ಒಂದು ಬಸ್ಸು ಬಂದು ಹೋಯಿತು. ಅದು ಅವರದ್ದಲ್ಲ.

“ಏನಂತ ಓದಿ ಹೇಳಿದ್ರು ನಿನಗೆ?” ಗಿಣಿ ಕೇಳಿದಳು.

“ಯಾರೂ ಒಳಗೆ ಬರಲಿಲ್ಲ ಅಂತ.”

ಗಿಣಿ ತಲೆಯಾಡಿಸಿದಳು. ಅವಳಿಗೆ ಎಲ್ಲ ತಿಳಿದುಹೋಯಿತು, ತಿಳಿದದ್ದರಲ್ಲಿ ಒಂದು ಮಾತ್ರ ತಪ್ಪು. “ನಿನ್ನ ಕೈಯಿಂದಲೇ ಮಾಡಿಸಿದ್ರಲ್ಲ, ಹಡಬೆಗಳು,” ಎಂದಳು. ಚೀಲದಿಂದ ನೀರಿನ ಬಾಟಲಿ ತೆಗೆದು, ಕರವಸ್ತ್ರದ ಮೂಲೆ ನೆನೆಸಿ, ದೊಡ್ಡಕ್ಕನ ಹೆಬ್ಬೆರಳನ್ನು ತಿಕ್ಕತೊಡಗಿದಳು. “ಅಳಬೇಡ. ನಿನಗೆ ಹೇಗೆ ಗೊತ್ತಾಗಬೇಕು? ಏಳು ವರ್ಷ ಪಕ್ಕದಲ್ಲಿ ಕೂತು ಕಥೆ ಓದಿದೆ, ನಾಲ್ಕಕ್ಷರ ಕಲಿಸೋಣ ಅಂತ ನನಗೆ ಹೊಳೀಲಿಲ್ಲ ನೋಡು. ಕಲಿಸಿದ್ದಿದ್ರೆ ಇವತ್ತು ಹೀಗಾಗ್ತಿರಲಿಲ್ಲ. ತಪ್ಪು ನಂದೇ.”

ದೊಡ್ಡಕ್ಕ ತನ್ನ ಕೈಯನ್ನು ಅವಳ ಕೈಯಲ್ಲೇ ಬಿಟ್ಟು ಕೂತಿದ್ದಳು. ಗಿಣಿ ಉಗುರಿನ ಸಂದು, ಗೆಣ್ಣಿನ ಗೆರೆ ಒಂದನ್ನೂ ಬಿಡದೆ ಉಜ್ಜಿದಳು, ಮಕ್ಕಳ ಕೈ ತೊಳೆಯುವ ಹಾಗೆ. ಬಣ್ಣ ತಿಳಿಯಾಯಿತು, ಹೋಗಲಿಲ್ಲ.

“ನಿನ್ನ ಬಸ್ ಬಂತು,” ಎಂದಳು ದೊಡ್ಡಕ್ಕ.

ಗಿಣಿ ಹತ್ತಿದಳು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅವಳ ಮುಂದಿನ ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು ಎದೆಗೆ ಪುಸ್ತಕ ಅವುಚಿಕೊಂಡು ಜೋರಾಗಿ ಮಾತಾಡುತ್ತಿದ್ದರು. ಒಬ್ಬಳು ಕೈಯನ್ನು ಅಲೆಯ ಹಾಗೆ ಏರಿಳಿಸಿ, ಆಮೇಲೆ ಕುತ್ತಿಗೆ ಆಚೆ ತಿರುಗಿಸಿ ನಿಂತವರ ಹಾಗೆ ತೋರಿಸುತ್ತಿದ್ದಳು. ಬಸ್ಸು ಹೊರಟಿತು. ಗಾಜಿನಾಚೆ ಗಿಣಿ ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಅಂಗೈಗಳಿಂದ ಕಿವಿ ಒತ್ತಿಕೊಂಡು ಕೂತಿದ್ದಳು.